ನೆತ್ತರ ನೆಂಟ

ಬೋರಮ್ಮ ಮೊರದ ತುಂಬ ಮೊಳೆ ಹರವಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಉದ್ದದವನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಗೇಟಿನಲ್ಲಿ ಆಟೋ ನಿಂತ ಸದ್ದಿಗೆ ತಲೆಯೆತ್ತಿದವಳು ಕೂತಲ್ಲಿಂದಲೇ ಕೈ ಅಡ್ಡ ಚಾಚಿದಳು.

"ಅಲ್ಲೇ ನಿಲ್ಲು ಅನೂ. ಒಂದು ಹೆಜ್ಜೆನೂ ಮುಂದಕ್ಕೆ ಇಡಬೇಡ."

ಅನು ಗೇಟಿನ ಚಿಲಕ ಹಿಡಿದು ನಿಂತಳು. ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅದರ ನೆರಳಿನಲ್ಲಿ ಗಾಜಿನ ಫ್ರೀಜರ್ ಪೆಟ್ಟಿಗೆ ಜೀರುಂಡೆಯ ಹಾಗೆ ಗುಂಯ್‌ಗುಡುತ್ತಿತ್ತು. ಗೇಟಿನಿಂದ ಕಾಣುತ್ತಿದ್ದದ್ದು ಪಾದಗಳು ಮಾತ್ರ. ಅರಿಶಿನ ಹಚ್ಚಿದ, ಎರಡೂ ಹೆಬ್ಬೆರಳನ್ನು ಸೇರಿಸಿ ಬಿಳಿ ದಾರ ಕಟ್ಟಿದ, ಹತ್ತು ವರ್ಷದ ಹುಡುಗಿಯವೇನೋ ಎನ್ನುವಷ್ಟು ಪುಟ್ಟ ಪಾದಗಳು. ಅಕ್ಕನಿಗೆ ಇಪ್ಪತ್ತೊಂಬತ್ತು ತುಂಬಿತ್ತು.

"ನಾನು ಅಕ್ಕನ ಮುಖ ನೋಡ್ಬೇಕು ಅಜ್ಜಿ."

"ನೀನು ನೋಡ್ಬಹುದು, ನಿನ್ನ ಹೊಟ್ಟೇಲಿರೋದು ನೋಡಬಾರ್ದು. ಎರಡೂವರೆ ತಿಂಗಳ ಬಸುರಿ ನೀನು. ಇದು ಶನಿವಾರದ ಹೆಣ. ಶನಿವಾರ ಹೋದೋರು ಒಂಟಿಯಾಗಿ ಹೋಗಲ್ಲ, ಜೊತೆ ಕೇಳ್ತಾರೆ. ಅದಕ್ಕೇ ಕೋಳಿಮರಿ ತರ್ಸಿದೀನಿ, ಚಟ್ಟಕ್ಕೆ ಕಟ್ಟೋಕೆ. ಅದರಲ್ಲಿ ತೃಪ್ತಿ ಆದ್ರೆ ಸರಿ."

ಬೋರಮ್ಮನ ಮಾತನ್ನು ಆ ಮನೆಯಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ. ಅನುವಿಗಂತೂ ಅವಳು ಮೂರು ಕಡೆಯಿಂದ ಹಿರಿಯಳು: ಅಪ್ಪನ ಅಕ್ಕ, ಅಮ್ಮನ ತಾಯಿ, ಗಂಡನ ತಾಯಿ. ಬೋರಮ್ಮ ತನ್ನ ಮಗಳು ಜಗದಾಂಬಾಳನ್ನು ತಮ್ಮ ಬೈರಪ್ಪನಿಗೆ ಕೊಟ್ಟಿದ್ದಳು. ಅವರಿಗೆ ಹುಟ್ಟಿದ ಎರಡನೆಯ ಮಗಳು ಅನುವನ್ನು ಎಂಟು ತಿಂಗಳ ಹಿಂದೆ ತನ್ನ ಕಿರಿಮಗ ಅರುಣ್ ಕುಮಾರನಿಗೆ ತಂದುಕೊಂಡಿದ್ದಳು. ಕೆಂಗೇರಿ ಪಕ್ಕದ ಉಲ್ಲಾಳ ಹಳ್ಳಿಯಾಗಿದ್ದಾಗಿನಿಂದ ಆ ಮನೆಯ ಹೆಣ್ಣುಗಳು ಹೊರಗೆ ಹೋದದ್ದೇ ಇಲ್ಲ.

"ಮೊಳೆ ಯಾಕಜ್ಜಿ?"

"ಎರಡು ಹಿಮ್ಮಡಿಗೆ, ಒಂದು ಹೊಸ್ತಿಲಿಗೆ." ಬೋರಮ್ಮ ಒಂದು ಮೊಳೆಯ ಚೂಪನ್ನು ಬೆರಳ ತುದಿಯಲ್ಲಿ ಒತ್ತಿ ನೋಡಿದಳು. "ಮದ್ವೆ ಇಲ್ದೆ ಹೋದೋಳು. ಅದು ಸಾಲ್ದು ಅಂತ ರಕ್ತ ಕುಡಿಯೋನ್ನ ಕರೆದು ಪಕ್ಕದಲ್ಲಿ ಕೂರಿಸ್ಕೊಂಡು ಇನ್ನೂರು ಪುಟ ಬರೆದೋಳು. ಹಂಗೇ ಬಿಟ್ರೆ ನಡ್ಕೊಂಡು ವಾಪಸ್ ಬರ್ತಾಳೆ. ಬಂದ್ರೆ ಎಲ್ಲಿಗೆ ಬರ್ತಾಳೆ ಹೇಳು? ಎಳೇ ರಕ್ತ ಇರೋ ಕಡೆಗೆ."

ಅನು ಅಪ್ಪನ ಕಡೆ ನೋಡಿದಳು. ಬೈರಪ್ಪ ಶಾಮಿಯಾನದ ಕಂಬಕ್ಕೆ ಆತು ರಸ್ತೆಯನ್ನೇ ನೋಡುತ್ತ ನಿಂತಿದ್ದ. ಅವನಿಗೆ ಈ ಮಾತು ಕೇಳಿಸಿರಲೇಬೇಕು. ಅವನು ಮಾತ್ರ ಕತ್ತು ತಿರುಗಿಸಲಿಲ್ಲ. ಚಾಪೆಯ ಮೇಲೆ ಕೂತ ಹೆಂಗಸರು ತಮ್ಮತಮ್ಮಲ್ಲೇ ಮಾತು ಮುಂದುವರಿಸಿದರು.

"ಪುಸ್ತಕ ಅಚ್ಚಾಗಿ ಮೂರು ತಿಂಗಳೂ ಆಗಿಲ್ವಂತೆ."

"ಅಯ್ಯೋ, ಕರೆದ್ರೆ ಬರ್ದೆ ಇರ್ತಾನೇನೆ?"

ಒಳಗಿನಿಂದ ಜಗದಾಂಬಾ ಬಂದಳು. ಅತ್ತು ಅತ್ತು ಅವಳ ಮುಖ ನೀರಲ್ಲಿ ನೆನೆದ ಕಾಗದದಂತಾಗಿತ್ತು. ಮಗಳ ಹತ್ತಿರ ಬಂದವಳು ಅವಳನ್ನು ಮುಟ್ಟಲಿಲ್ಲ. "ಮೇಲೆ ಸುವರ್ಣನ ಮನೇಲಿ ಕೂತ್ಕೊ ಮಗಾ. ಎತ್ತೋವಾಗ ಬಾಲ್ಕನಿಯಿಂದ ನೋಡುವಂತೆ," ಎಂದಳು.

ಅನು ಹೊರಮೆಟ್ಟಿಲು ಹತ್ತಿದಳು. ಬೆತ್ತದ ಬುಟ್ಟಿಯ ಕೆಳಗೆ ಕವುಚಿಟ್ಟಿದ್ದ ಕೋಳಿಮರಿ ಬಿಟ್ಟೂಬಿಡದೆ ಅರಚುತ್ತಿತ್ತು.

* * *

ಅಕ್ಕ ಕೆಂಪಮ್ಮ ಹುಟ್ಟಿದಾಗ ಕೆಂಪಗೇ ಇದ್ದಳಂತೆ. ಮನೆದೇವರ ಹೆಸರಿಟ್ಟು ಆರು ತಿಂಗಳಾಗುವಷ್ಟರಲ್ಲಿ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿಕೊಂಡಳು. ಆಸ್ಪತ್ರೆಯಲ್ಲಿ ಕಾಯಿಲೆಯ ಹೆಸರು ಹೇಳಿದರು, ಥಲಸೀಮಿಯಾ. ಮೈಯಲ್ಲಿ ಸರಿಯಾದ ರಕ್ತ ಹುಟ್ಟುವುದಿಲ್ಲ; ಬದುಕಿರುವ ತನಕ ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ತಾಯಿ ತಂದೆ ಇಬ್ಬರ ರಕ್ತದಲ್ಲೂ ಈ ದೋಷ ಅಡಗಿ ಕೂತಿದ್ದರೆ ಮಾತ್ರ ಮಗುವಿಗೆ ಹೀಗಾಗುತ್ತದೆ, ಅಂಥವರು ನೋಡಲು ಗಟ್ಟಿಮುಟ್ಟಾಗೇ ಇರುತ್ತಾರೆ, ನೆಂಟರೊಳಗೇ ಮದುವೆಯಾದಾಗ ಹೊರಗೆ ಬೀಳುತ್ತದೆ ಎಂದೂ ಡಾಕ್ಟರು ಬಿಡಿಸಿ ಹೇಳಿದರು. ಬೈರಪ್ಪ ಎಲ್ಲ ಕೇಳಿಕೊಂಡು ಬಂದ. ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಅಷ್ಟೂ ಮಾತು ಎರಡೇ ಪದಕ್ಕೆ ಇಳಿದಿತ್ತು. ರಕ್ತ ಕಮ್ಮಿ.

ಆ ಎರಡು ಪದದಲ್ಲೇ ಕೆಂಪಿ ಬೆಳೆದಳು. ಬೆಳೆದಳು ಎನ್ನುವುದೂ ಅಷ್ಟು ಸರಿಯಲ್ಲ. ಇಪ್ಪತ್ತು ದಾಟಿದ ಮೇಲೂ ಬಸ್ಸಿನಲ್ಲಿ ಕಂಡಕ್ಟರುಗಳು ಅರ್ಧ ಟಿಕೆಟ್ಟು ಹರಿಯುತ್ತಿದ್ದರು. ಆಸ್ಪತ್ರೆಯ ದಿನಗಳಲ್ಲಿ ಜೊತೆಗೆ ಹೋಗುತ್ತಿದ್ದವಳು ಅನು. ರಕ್ತದ ಚೀಲ ಖಾಲಿಯಾಗಲು ನಾಲ್ಕು ಗಂಟೆ ಬೇಕು. ಮೊದಲ ಅರ್ಧ ಗಂಟೆ ಅಕ್ಕ ಮಾತಾಡುತ್ತಿರಲಿಲ್ಲ. ಆಮೇಲೆ ಕೆನ್ನೆಗೆ ಬಣ್ಣ ಬರುತ್ತಿತ್ತು, ಬಾಯಿ ಶುರುವಾಗುತ್ತಿತ್ತು.

"ನೋಡೇ ಅನೂ, ಇವತ್ತಿನದು ಯಾರೋ ಬಿರಿಯಾನಿ ತಿಂದೋನ ರಕ್ತ ಇರ್ಬೇಕು. ಮೈಯೆಲ್ಲ ಬೆಚ್ಚಗಾಗ್ತಿದೆ."

"ಥೂ, ಸುಮ್ನಿರೇ."

"ನಿಜ ಕಣೇ. ಹೋದ ಸಲದ್ದು ಯಾವನೋ ಪ್ರೀತಿ ಮಾಡಿ ಕೈ ಕೊಟ್ಟಿಸ್ಕೊಂಡೋನದ್ದು. ಮೂರು ದಿನ ಸುಮ್‌ಸುಮ್ನೆ ಅಳು ಬಂತು."

ಹೀಗೆ ತಮಾಷೆಗೆ ಶುರುವಾದದ್ದು ಕತೆಯಾಯಿತು. ಸೂಜಿ ಚುಚ್ಚಿದ ಕೈಯನ್ನು ಅಲ್ಲಾಡಿಸದೆ, ಇನ್ನೊಂದು ಕೈಯ ಹೆಬ್ಬೆರಳಲ್ಲಿ ಫೋನಿನ ಮೇಲೆ ಅವಳು ಬರೆಯತೊಡಗಿದಳು. ಕೆಂಗೇರಿಯ ಹತ್ತಿರ ಅರ್ಧಕ್ಕೆ ನಿಂತುಹೋದ ಒಂದು ಅಪಾರ್ಟ್‌ಮೆಂಟಿನ ಹನ್ನೊಂದನೆಯ ಮಹಡಿಯಲ್ಲಿ ಮುನ್ನೂರು ವರ್ಷದ ಒಬ್ಬ ಸೈನಿಕ ಇದ್ದಾನೆ. ಸೋಮನಾಯಕ ಅಂತ ಹೆಸರು. ಸಾಯಲಾರ; ರಕ್ತ ಕುಡಿಯದೆ ಬದುಕಲಾರ. ಅವನಿಗೆ ಆಸ್ಪತ್ರೆಯ ರಕ್ತನಿಧಿಯಲ್ಲಿ ಕೆಲಸ ಮಾಡುವ ತುಳಸಿಯ ಮೇಲೆ ಮನಸ್ಸಾಗುತ್ತದೆ.

"ರಕ್ತ ಕುಡಿಯೋನು ಅಂದ್ರೆ ಎಲ್ಲಾರೂ ಕೊಲೆಗಾರ ಅಂತಾರೆ," ಎಂದಿದ್ದಳು ಅಕ್ಕ ಒಮ್ಮೆ, ತಲೆಯ ಮೇಲೆ ನೇತಾಡುತ್ತಿದ್ದ ಚೀಲವನ್ನು ನೋಡುತ್ತ. "ಅವನಿಗೆ ಹಸಿವು ಕಣೇ, ಅಷ್ಟೇ. ನನಗಿಲ್ವಾ?"

ಕತೆಗಳನ್ನು ಹಾಕುವ ಒಂದು ಆ್ಯಪ್‌ನಲ್ಲಿ ಗುರುವಾರಕ್ಕೊಂದು ಅಧ್ಯಾಯ ಹಾಕಿದಳು. ಮಂಡ್ಯದ, ಗದಗಿನ, ದುಬೈನಲ್ಲಿದ್ದ ಕಾರ್ಕಳದ ಹೆಂಗಸರು ಗುರುವಾರಕ್ಕೆ ಕಾಯತೊಡಗಿದರು. ಒಂದು ದಿನ ವಿಜಯನಗರದಿಂದ ಮಹದೇವ್ ಎಂಬವರು ಫೋನ್ ಮಾಡಿದರು. ಶಾಲೆ ಮಕ್ಕಳ ಗೈಡುಗಳನ್ನೂ ವ್ರತಕತೆಗಳನ್ನೂ ಅಚ್ಚುಹಾಕುವ ಸಣ್ಣ ಪ್ರಕಾಶಕರು. "ನಮ್ಮ ಮನೆಯವರು ನಿಮ್ಮ ಕತೆ ಓದ್ತಾ ಕೂತು ಎರಡು ಗುರುವಾರ ಸಾರು ಸೀಯಿಸಿದ್ರಮ್ಮ. ಅದೇನು ಅಂತ ನಾನೂ ಓದ್ದೆ. ಪುಸ್ತಕ ಮಾಡೋಣ," ಎಂದರು. ಹೆಸರು ಮಾತ್ರ ಅವರಿಗೆ ಹಿಡಿಸಲಿಲ್ಲ. "ಪ್ರೇಮಕತೆ ಬರೆದೋರು ಕೆಂಪಮ್ಮ ಅಂದ್ರೆ ಯಾರು ಕೊಳ್ತಾರೆ? ನಿಶಾ, ಯಾಮಿನಿ, ಹಂಗೇನಾದ್ರೂ ಇಟ್ಕೊಳ್ಳಿ."

"ಕೆಂಪಮ್ಮ ಅಂತಲೇ ಇರ್ಲಿ ಸಾರ್. ಮುಖಪುಟ ಕೆಂಪು ಹಾಕಿಬಿಡಿ, ಹೊಂದುತ್ತೆ."

ಮೊದಲ ಪ್ರತಿ ಕೈಗೆ ಬಂದ ದಿನ ಅಕ್ಕ ಅನುವಿಗೆ ಏಳು ಸಲ ಫೋನ್ ಮಾಡಿದ್ದಳು. ಏಳೂ ಸಲ ಅನು ಫೋನು ಬಡಿದುಕೊಳ್ಳುವುದನ್ನು ನೋಡುತ್ತ ಕೂತಿದ್ದಳು. ಆಮೇಲೆ ವಿಜಯನಗರದ ಒಂದು ಪುಟ್ಟ ಸಭಾಂಗಣದಲ್ಲಿ ಬಿಡುಗಡೆಯಾಯಿತು. ಹದಿನೇಳು ಜನ ಬಂದಿದ್ದರಂತೆ. ತಂಗಿ ಬಂದಿರಲಿಲ್ಲ.

* * *

"ಬರ್ರಿ, ಕುಂದರ್ರಿ," ಎಂದು ಸುವರ್ಣಾ ಚಾಪೆ ಹಾಸಿದಳು. ಮೇಲಿನ ಮನೆಯ ಬಾಡಿಗೆಯವಳು, ಬಾಗಲಕೋಟೆ ಕಡೆಯವಳು. ಗಂಡ ಪಾರ್ಸೆಲ್ ಹಂಚುವ ಕೆಲಸಕ್ಕೆ ಹೋದರೆ ಇವಳು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಸುತ್ತಲಿನ ಖಾನಾವಳಿಗಳಿಗೆ ಕೊಡುತ್ತಿದ್ದಳು. ಇವತ್ತು ಒಲೆ ಹಚ್ಚಿರಲಿಲ್ಲ.

"ಅಕ್ಕಾರು ದಿನಾ ಇಲ್ಲೇ ಬಂದು ಕುಂದರತಿದ್ರು. ನಾ ರೊಟ್ಟಿ ಬಡೀತಿದ್ದೆ, ಅವರು ಬರದದ್ದು ಓದತಿದ್ರು. ಸೋಮನಾಯಕ ತುಳಸಿ ಮನಿ ಬಾಗಲಿಗೆ ಬಂದು 'ಒಳಗ ಬರಲೇನು' ಅಂತ ಕೇಳಿದ್ದು ಓದಿದಾಗ ನಾ ಒಂದು ರೊಟ್ಟಿ ಹೊತ್ತಿಸಿಬಿಟ್ಟೆ ನೋಡ್ರಿ." ನಗಲು ಹೋದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಎದ್ದು, ಹಿಟ್ಟಿನ ಡಬ್ಬಿಗಳ ಹಿಂದಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪುಸ್ತಕ ತೆಗೆದಳು. "ನಿಮಗಂತ ಕೊಟ್ಟಿದ್ರು. ಕೆಳಗ ಇಟ್ರ ಅಜ್ಜಿ ಒಲಿಗೆ ಹಾಕ್ತಾರ, ನಿನ್ನ ಹತ್ರನ ಇರಲಿ, ಅನು ಬಂದಾಗ ಕೊಡು ಅಂದ್ರು. ನೀವು ಬರಲೇ ಇಲ್ಲ."

ರಕ್ತಗೆಂಪು ರಟ್ಟು. 'ನೆತ್ತರ ನೆಂಟ.' ಅದರ ಕೆಳಗೆ ಸಣ್ಣಗೆ, 'ಕೆಂಪಮ್ಮ ಬಿ., ಉಲ್ಲಾಳ.'

ಕೆಳಗೆ ಯಾರೋ ಹೊಸದಾಗಿ ಬಂದರು; ಹೆಂಗಸರ ಗೋಳು ಒಮ್ಮೆ ಏರಿ ಇಳಿಯಿತು. ಅನು ಪುಸ್ತಕ ತೆರೆದಳು. ಕಾಗದದ ಚೂರು ಇಟ್ಟಿದ್ದ ಪುಟವೇ ತೆರೆದುಕೊಂಡಿತು. ತುಳಸಿಯ ಅಕ್ಕ ಈ ಸಂಬಂಧ ಬೇಡ, ಮೊದಲು ಅವನ ರಕ್ತ ಎಂಥದೆಂದು ತಿಳಿದುಕೋ ಎನ್ನುತ್ತಾಳೆ. ತುಳಸಿ ಸಿಟ್ಟಿನಲ್ಲಿ ತಿರುಗಿಬೀಳುತ್ತಾಳೆ: 'ನಿನಗೆ ಯಾರೂ ಸಿಗಲಿಲ್ಲ ಅಂತ ನನ್ನ ಬದುಕನ್ನೂ ಕುಡಿಯಬೇಡ.'

ಆ ಮಾತು ತುಳಸಿಯದಲ್ಲ. ಅದು ಅನುವಿನದು.

* * *

ಮದುವೆಗೆ ಇನ್ನೂ ಒಂದು ತಿಂಗಳಿತ್ತು. ಅಕ್ಕ ಟೆರೇಸಿನಲ್ಲಿ ಒಣಗಿದ ಬಟ್ಟೆ ಮಡಚುತ್ತ ಮಾತು ತೆಗೆದಿದ್ದಳು.

"ಅರುಣ ಮಾವ ನನಗೆ ಅಂತ ರಕ್ತ ಕೊಡೋಕೆ ಬಂದಾಗ ಎರಡು ಸಲ ವಾಪಸ್ ಕಳಿಸಿದ್ರು, ನೆನಪಿದೆಯಾ? ಹಿಮೋಗ್ಲೋಬಿನ್ ಸಾಲ್ದು ಅಂತ. ಅಷ್ಟು ಗಟ್ಟಿ ಆಳು, ಟೈಲ್ಸ್ ಬಾಕ್ಸ್ ಎರಡೆರಡು ಎತ್ತೋನು. ಕಾಲೇಜಿನ ಶಿಬಿರದಲ್ಲಿ ನಿನ್ನನ್ನೂ ಹಂಗೇ ಬೇಡ ಅಂದ್ರು. ಒಂದೇ ಒಂದು ಟೆಸ್ಟ್ ಕಣೇ. ಇಬ್ರೂ ಒಂದು ಸಲ ರಕ್ತ ಕೊಟ್ಟು ನೋಡಿ. ಆಮೇಲೆ ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಅನು ಹದಿನಾಲ್ಕನೆಯ ವಯಸ್ಸಿನಿಂದ ಅರುಣನ ಬೈಕಿನ ಸದ್ದನ್ನು ಬೀದಿಯ ತುದಿಯಲ್ಲೇ ಗುರುತಿಸುತ್ತಿದ್ದಳು. ಟೆಸ್ಟ್ ಎಂದರೆ ಮದುವೆ ನಿಲ್ಲುವುದು ಎಂದಷ್ಟೇ ಅವಳಿಗೆ ಕೇಳಿಸಿತು. ಅಕ್ಕ ಹೇಳುತ್ತಿರುವುದು ನಿಜವಿರಬಹುದು ಎಂದು ಒಳಗೆಲ್ಲೋ ಗೊತ್ತಿದ್ದದ್ದರಿಂದಲೇ ಸಿಟ್ಟು ಇಮ್ಮಡಿಯಾಯಿತು. ಆಗ ಆಡಿದ್ದು ಆ ಮಾತು.

ಅಕ್ಕ ಕೈಯಲ್ಲಿದ್ದ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಇಟ್ಟಳು.

"ಒಳ್ಳೇ ಮಾತು ಕಣೇ. ಮರೆಯೋಕೆ ಮುಂಚೆ ಬರ್ಕೋತೀನಿ ಇರು," ಎಂದಳು. ನಗುತ್ತಲೇ ಎಂದಳು. ಆದರೆ ಮೆಟ್ಟಿಲಿಳಿಯುವ ಮುಂಚೆ ತಿರುಗಿ ನಿಂತಳು. "ನಾನು ಹುಟ್ಟಬಾರದಿತ್ತು ಅಂತ ಒಂದಿನಾನೂ ಅಂದ್ಕೊಂಡೋಳಲ್ಲ. ಆದ್ರೆ ಅಮ್ಮನಿಗೆ ಮುಂಚೆ ಯಾರೂ ಹೇಳಿರಲಿಲ್ಲ. ನಿನಗೆ ಹೇಳೋಕೆ ನಾನಿದೀನಿ. ಮಾವನಿಗೆ ನೀನೇ ಹೇಳು. ನಾನು ಹೇಳಿದ್ರೆ ಮದುವೆ ಮುರಿದೋಳು ಅಂತ ಆಗ್ತೀನಿ."

ಎರಡು ದಿನ ಬಿಟ್ಟು ಅನು ಅವಳ ಮುಖ ನೋಡದೆ ಹೇಳಿದ್ದಳು, "ಇಬ್ರೂ ಮಾಡಿಸಿದ್ವಿ. ಏನೂ ಇಲ್ಲ."

"ಹೌದಾ? ಒಳ್ಳೇದಾಯ್ತು ಬಿಡು."

ಮದುವೆಯಲ್ಲಿ ಅಕ್ಕನೇ ಮುಂದೆ ನಿಂತು ಅರಿಶಿನ ಹಚ್ಚಿದಳು. ಆಮೇಲೆ ಅನು ತವರಿಗೆ ಬರುವುದು ಕಡಿಮೆಯಾಯಿತು. ಅವಳು ಅರುಣನೊಂದಿಗಿದ್ದ ನಾಗರಬಾವಿಯಿಂದ ಉಲ್ಲಾಳಕ್ಕೆ ಎಷ್ಟು ದೂರ? ಸಿಟ್ಟೇನೂ ಉಳಿದಿರಲಿಲ್ಲ. ಅಕ್ಕನ ಕಣ್ಣನ್ನು ಎದುರಿಸಲು ಆಗುತ್ತಿರಲಿಲ್ಲ, ಅಷ್ಟೇ.

* * *

"ನೀವು ಸುಳ್ಳು ಹೇಳೀರಿ ಅಂತ ಅಕ್ಕಾರಿಗೆ ಗೊತ್ತಿತ್ತು," ಎಂದಳು ಸುವರ್ಣಾ. ಅವಳು ಅನುವನ್ನು ನೋಡದೆ ಹಿಟ್ಟು ನಾದುವ ಖಾಲಿ ಕೊಣಮಿಗೆಯನ್ನು ಒರೆಸುತ್ತಿದ್ದಳು. "ನಾ ಕೇಳಿದೆ, ಮತ್ತೊಮ್ಮೆ ಕೇಳ್ರಲ್ಲ ಅಂತ. ಮತ್ತ ಕೇಳಿದ್ರ ಪಾಪ ಆಕಿ ಮತ್ತ ಸುಳ್ಳು ಹೇಳಬೇಕಾಗ್ತೈತಿ ಸುವರ್ಣಾ, ಅದಕ್ಕ ಬರದು ಇಡ್ತೀನಿ, ಓದ್ಯಾಳು, ಅಂದ್ರು."

ಅನು ಕೊನೆಯ ಪುಟಗಳನ್ನು ತಿರುವಿದಳು. ಅಕ್ಷರ ಕಣ್ಣೀರಿನಲ್ಲಿ ಕಲಸಿಹೋಗುತ್ತಿದ್ದರೂ ಓದಿದಳು. ಹನ್ನೊಂದನೆಯ ಮಹಡಿಯಲ್ಲಿ, ಗೋಡೆಯಿಲ್ಲದ ಕೋಣೆಯಲ್ಲಿ, ಸೋಮನಾಯಕ ತುಳಸಿಗೆ ಹೇಳುತ್ತಾನೆ: 'ಕೇಳದೆ ಕುಡಿದರೆ ಅದು ಕೊಲೆ, ಕೇಳಿ ಕುಡಿದರೆ ಅದು ಊಟ. ನನ್ನ ನೆತ್ತರಿನಲ್ಲಿ ಏನಿದೆ ಎಂದು ತಿಳಿದುಕೊಂಡು ಆಮೇಲೆ ಹತ್ತಿರ ಬಾ.' ಅದರ ಕೆಳಗೆ ಅಕ್ಕ ಬರೆದಿದ್ದದ್ದು ಎರಡು ವಾಕ್ಯ ಮಾತ್ರ. 'ತುಳಸಿ ತಿಳಿದುಕೊಂಡಳು. ತಿಳಿದೂ ಬಂದಳು.'

ಕೆಳಗೆ ತಮಟೆ ಶುರುವಾಯಿತು.

ಬಾಲ್ಕನಿಗೆ ಬಂದು ನೋಡಿದರೆ ಗಾಜಿನ ಮುಚ್ಚಳ ತೆಗೆದಿದ್ದರು. ಅಕ್ಕನನ್ನು ಚಟ್ಟದ ಮೇಲೆ ಮಲಗಿಸಿದ್ದರು. ಬಿದಿರಿನ ತುದಿಗೆ ಕಾಲು ಕಟ್ಟಿ ನೇತುಹಾಕಿದ ಕೋಳಿಮರಿ ಈಗ ಸುಮ್ಮನಾಗಿತ್ತು. ಪಾದದ ಬಳಿ ಬೋರಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಮೊಳೆ, ಇನ್ನೊಂದರಲ್ಲಿ ಸುತ್ತಿಗೆ. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಗಂಡಸರು ತಮಟೆಯವರ ಕಡೆ ತಿರುಗಿದರು. ಹಾರ ಹಿಡಿದು ಒಂದು ಪಕ್ಕಕ್ಕೆ ನಿಂತಿದ್ದ, ಕನ್ನಡಕದ ಒಬ್ಬರು ಮಾತ್ರ ಮುಂದೆ ಬಂದರು.

"ಅಮ್ಮಾ, ದಯವಿಟ್ಟು ಬೇಡಿ. ಇದೇನಿದು?"

"ನೀನ್ಯಾರಪ್ಪ?"

"ಮಹದೇವ್ ಅಂತ. ಇವರ ಪುಸ್ತಕ..."

"ಓಹೋ, ಆ ದೆವ್ವದ ಪುಸ್ತಕ ಮಾಡಿದೋನು ನೀನೇನಾ?"

"ದೆವ್ವದ್ದಲ್ಲಮ್ಮ. ಪ್ರೇಮಕತೆ ಅದು."

"ಪ್ರೇಮವೇ ಅಂತೆ! ಮೂರೇ ತಿಂಗಳಿಗೆ ಬಂದು ಕೈ ಹಿಡಿದು ಕರ್ಕೊಂಡು ಹೋದ ನೋಡು, ನಿನ್ನ ಪ್ರೇಮದೋನು. ಇವಳು ಇನ್ನೊಬ್ಬರನ್ನ ಕರ್ಕೊಂಡು ಹೋಗೋಕೆ ಬರ್ಬೇಕಾ? ಸರಿ ಅತ್ಲಾಗೆ."

ಬೋರಮ್ಮ ಮೊಳೆಯ ಚೂಪನ್ನು ಹಿಮ್ಮಡಿಗೆ ಊರಿದಳು.

ಮೆಟ್ಟಿಲಿಳಿದದ್ದು ಅನುವಿಗೆ ನೆನಪಿಲ್ಲ. ಜನ ದಾರಿ ಬಿಟ್ಟರು. ಯಾರೋ "ಬಸುರಿ, ಬಸುರಿ" ಎಂದರು. ಅವಳು ಸುತ್ತಿಗೆಗೂ ಪಾದಕ್ಕೂ ನಡುವೆ ಕೂತು ಅಕ್ಕನ ಎರಡು ಹಿಮ್ಮಡಿಯನ್ನೂ ಅಂಗೈಯಲ್ಲಿ ತುಂಬಿಕೊಂಡಳು. ಬಾವಿಯಿಂದ ಈಗತಾನೆ ತೆಗೆದ ಕಲ್ಲಿನ ಹಾಗೆ ತಣ್ಣಗಿದ್ದವು.

"ಮುಟ್ಟಿಬಿಟ್ಟೆಯಲ್ಲೇ!" ಬೋರಮ್ಮ ಕೂಗಿದಳು. "ಹೆಣ ಮುಟ್ಟಿಬಿಟ್ಟೆಯಲ್ಲೇ ಪಾಪಿ! ನನ್ನ ಮಗನ ಕುಡಿ ಕಣೇ ಅದು!"

"ಇನ್ನೂ ಎಷ್ಟು ಕಬ್ಬಿಣ ಹಾಕ್ತೀಯಜ್ಜಿ ಇವಳ ಮೈಗೆ?" ಅನುವಿನ ದನಿ ಅವಳಿಗೇ ಗುರುತು ಸಿಗದಂತಿತ್ತು. "ಅಕ್ಕ ಸತ್ತಿದ್ದೇ ಕಬ್ಬಿಣದಿಂದ. ಇಪ್ಪತ್ತೊಂಬತ್ತು ವರ್ಷ ಏರಿಸಿದ ರಕ್ತದಲ್ಲಿದ್ದ ಕಬ್ಬಿಣ ಎಲ್ಲಾ ಗುಂಡಿಗೇಲಿ ಕೂತು ಗುಂಡಿಗೆ ನಿಂತೋಯ್ತು. ಯಾವನೂ ಬಂದು ಕರ್ಕೊಂಡು ಹೋಗ್ಲಿಲ್ಲ. ನಾವೇ ಕೊಟ್ಟಿದ್ದು ಅದನ್ನ, ನಮ್ಮ ಮನೆ ರಕ್ತದಲ್ಲೇ ಇದೆ ಅದು. ಡಾಕ್ಟರು ಅಪ್ಪಂಗೆ ಹೇಳಿದಾರೆ. ಕೇಳು!"

ತಮಟೆ ನಿಂತಿತು. ಎಲ್ಲರೂ ಬೈರಪ್ಪನ ಕಡೆ ನೋಡಿದರು. ಅವನು ಕಂಬ ಬಿಟ್ಟು ನಿಧಾನವಾಗಿ ನಡೆದು ಬಂದ. ಬೋರಮ್ಮನ ಮುಂದೆ ಬಗ್ಗಿ, ಅವಳ ಕೈಯಿಂದ ಸುತ್ತಿಗೆ ತೆಗೆದುಕೊಂಡ. ಮಡಿಲಿನ ಮೊಳೆಗಳನ್ನೂ ಬಾಚಿಕೊಂಡ.

"ಹೌದಕ್ಕಾ. ಹೇಳಿದ್ರು. ಅವಳು ಕೂಸಾಗಿದ್ದಾಗ್ಲೇ ಹೇಳಿದ್ರು," ಎಂದ. ಹೋಗಿ ಅಷ್ಟನ್ನೂ ಚರಂಡಿಗೆ ಸುರಿದು ಬಂದು ಮತ್ತೆ ಕಂಬದ ಬಳಿ ನಿಂತ.

ಹೆಗಲು ಕೊಡಲು ಪಂಚೆ ಕಟ್ಟಿ ಸಿದ್ಧನಾಗಿದ್ದ ಅರುಣ ಅನುವಿನ ರಟ್ಟೆ ಹಿಡಿದು ಎಬ್ಬಿಸಿ ನೀರಿನ ತೊಟ್ಟಿಯ ಹತ್ತಿರ ಕರೆದೊಯ್ದ.

"ಏನದು ನೀನು ಅಂದಿದ್ದು? ನಮ್ಮ ಮನೆ ರಕ್ತ ಅಂದ್ರೆ? ಕೆಂಪಿಗೆ ರಕ್ತ ಕಮ್ಮಿ ಅಲ್ವಾ ಇದ್ದಿದ್ದು?"

"ಅಲ್ಲ ಮಾವ." ಅವಳು ಹೇಳಿದಳು. ಡಾಕ್ಟರು ಅಪ್ಪನಿಗೆ ಹೇಳಿದ್ದು, ಅಕ್ಕ ಟೆರೇಸಿನಲ್ಲಿ ಹೇಳಿದ್ದು, ತಾನು ಹೇಳದೆ ಬಿಟ್ಟದ್ದು. ಹೇಳಿ ಮುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಎಂಟು ತಿಂಗಳು ಬಾಯಿಗೆ ಬಾರದ ಮಾತು.

ಅರುಣ ತನ್ನ ಮೊಣಕೈ ಒಳಮಡಿಕೆಯನ್ನು ನೋಡಿಕೊಂಡ. "ಅದಕ್ಕೇನಾ ನನ್ನ ಎರಡು ಸಲ ವಾಪಸ್ ಕಳಿಸಿದ್ದು?"

"ಗೊತ್ತಿಲ್ಲ. ಇರಬಹುದು."

"ನಿನಗೆ ಯಾವಾಗಿಂದ ಗೊತ್ತು?"

"ಮದುವೆಗೆ ಮುಂಚೆಯಿಂದ."

"ಅರುಣಾ, ಬಾರೋ! ಹೊತ್ತಾಗ್ತಿದೆ, ಹೆಗಲು ಕೊಡು!"

ಅವನು ಅವಳ ಹೊಟ್ಟೆಯನ್ನು ಒಮ್ಮೆ ನೋಡಿದ. ಮುಖ ನೋಡಲಿಲ್ಲ. ಹೋಗಿ ಚಟ್ಟದ ಮುಂದಿನ ಬಿದಿರಿಗೆ ಹೆಗಲು ಕೊಟ್ಟ.

* * *

ಮದುವೆಯಾಗದವರನ್ನು ಅವರಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಗಂಡಸರೆಲ್ಲ ಕೆರೆಯ ಆಚೆಗಿನ ಸ್ಮಶಾನಕ್ಕೆ ಹೋದರು. ತಮಟೆಯ ಸದ್ದು ಲೇಔಟಿನ ಮನೆಗಳ ನಡುವೆ ತಿರುಗಿ ತಿರುಗಿ ಕಡೆಗೆ ಕೇಳಿಸದಾಯಿತು. ಬೋರಮ್ಮ ಒಳಗಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಹೆಂಗಸರು ಅನುವಿನಿಂದ ದೂರ ಸರಿದು ಕೂತರು. ಸಾವು ಅವಳಿಗೆ ಅಂಟಿಕೊಂಡಿದೆಯೆಂದು ಅವರಿಗೆ ಖಾತ್ರಿಯಾಗಿತ್ತು. ಅವಳಿಗೂ ಹಾಗೇ ಅನ್ನಿಸುತ್ತಿತ್ತು. ಬೆಳಗಿನಿಂದ ಹೊಟ್ಟೆಯೊಳಗೆ ಏನೋ ಕಿವಿಗೊಟ್ಟು ಕೂತಿದೆ ಎನ್ನುವ ಭಾವ. ಅಷ್ಟು ಬೇಗ ಏನೂ ತಿಳಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರೂ ಅದು ಹೋಗಿರಲಿಲ್ಲ.

ಜಗದಾಂಬಾ ಪೆಟ್ಟಿಗೆ ಇಟ್ಟಿದ್ದ ಜಾಗಕ್ಕೆ ನೀರು ಸುರಿದು ಗುಡಿಸುತ್ತಿದ್ದಳು. ಗುಡಿಸುವುದನ್ನು ನಿಲ್ಲಿಸದೆ ಕೇಳಿದಳು, "ಮಾಡಿಸ್ಲೇ ಇಲ್ವಾ ನೀವು?"

"ಇಲ್ಲಮ್ಮ."

ಜಗದಾಂಬಾ ಪೊರಕೆಯಿಂದ ನೀರನ್ನು ಗೇಟಿನ ಕಡೆಗೆ ತಳ್ಳಿದಳು.

"ನಿನಗೆ ಮುಂಚೇನೇ ಗೊತ್ತಾಗಿದ್ರೆ ಏನ್ ಮಾಡ್ತಿದ್ದೆ ಅಮ್ಮ? ಅಕ್ಕ ಹುಟ್ಟೋಕೆ ಮುಂಚೆ?"

ಜಗದಾಂಬಾ ನಿಂತಳು. "ಅದನ್ನ ಮಾತ್ರ ಕೇಳಬೇಡ ಮಗಾ. ಇವತ್ತಂತೂ ಕೇಳಬೇಡ." ಪೊರಕೆಯನ್ನು ಗೋಡೆಗೆ ಒರಗಿಸಿ ತಾನಾಗೇ ಹೇಳಿದಳು, "ಪುಸ್ತಕ ಬಂದ ದಿನ ಅವಳು ಹೊಸ ಸೀರೆ ಉಟ್ಟು ಮನೆಯೆಲ್ಲಾ ಓಡಾಡಿದ್ಲು. ಮೂರು ವಾರ ಆಗಿತ್ತು ರಕ್ತ ಏರ್ಸಿ. ಮೈಯಲ್ಲಿ ಏನೂ ಇರ್ಲಿಲ್ಲ. ಆದ್ರೂ ಓಡಾಡಿದ್ಲು."

ಮೂರೂವರೆಗೆ ಗಂಡಸರು ಒಬ್ಬೊಬ್ಬರಾಗಿ ಬಂದರು. ಸ್ಮಶಾನದ ನಲ್ಲಿಯಲ್ಲೇ ತಲೆಗೆ ನೀರು ಹುಯ್ದುಕೊಂಡು ಬಂದಿದ್ದರು. ಹೊಸ್ತಿಲಲ್ಲಿಟ್ಟ ದೀಪ ನೋಡಿ ಹೋದರು. ಅರುಣ ಬರಲಿಲ್ಲ. ಬೈರಪ್ಪನನ್ನು ಕೇಳಿದರೆ ಗೊತ್ತಿಲ್ಲವೆಂದು ತಲೆಯಾಡಿಸಿದ. ಅನು ಗೇಟಿನಲ್ಲಿ ನಿಂತಳು. ಸುವರ್ಣಾ ಮೇಲಿನಿಂದ ಎರಡು ಸಲ ಚಹಾಕ್ಕೆ ಕರೆದಳು. ಬಿಸಿಲು ಎದುರು ಮನೆಯ ನೀರಿನ ಟ್ಯಾಂಕಿನ ಹಿಂದಕ್ಕೆ ಹೋಯಿತು.

ಬೆಳಿಗ್ಗೆ ಅವನು ಬೀದಿಯ ತುದಿಯಲ್ಲಿ ನಿಲ್ಲಿಸಿದ್ದ ಬೈಕಿನ ಸದ್ದಾಯಿತು. ಅವನು ನೀರು ಹುಯ್ದುಕೊಂಡಿರಲಿಲ್ಲ. ಪಂಚೆಯ ಅಂಚು, ಮೊಣಕಾಲು, ಕೈಗಳೆಲ್ಲ ಮಣ್ಣಾಗಿದ್ದವು. ಗೇಟಿನ ಮುಂದೆ ನಿಲ್ಲಿಸಿದರೂ ಇಂಜಿನ್ ಆರಿಸಲಿಲ್ಲ.

ಒಳಕೋಣೆಯ ಕಿಟಕಿಯಿಂದ ಬೋರಮ್ಮನ ದನಿ ಬಂತು. "ಲೋ, ಸ್ನಾನ ಮಾಡ್ದೆ ಎಲ್ಲಿಗೋ? ಮೈಲಿಗೇಲಿ ಅವಳನ್ನ ಮುಟ್ಟಬೇಡ ಕಣೋ!"

ಅರುಣ ಆ ಕಡೆ ತಿರುಗಲಿಲ್ಲ.

"ಹತ್ತು," ಎಂದ ಅನುವಿಗೆ.

ಮುಖ್ಯರಸ್ತೆಯ ಔಷಧಿ ಅಂಗಡಿಯ ಮೇಲಿನ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ನೀಲಿ ಕೋಟಿನ ಹುಡುಗಿ ಅವನ ಅವತಾರ ನೋಡಿ ಕುರ್ಚಿಯಿಂದ ಅರ್ಧ ಎದ್ದಳು.

"ಏನಾಯ್ತು ಸಾರ್? ಆಕ್ಸಿಡೆಂಟಾ?"

"ಮಣ್ಣಿಗೆ ಹೋಗಿದ್ದೆ," ಎಂದ ಅರುಣ. "ಥಲಸೀಮಿಯಾ ಟೆಸ್ಟ್ ಮಾಡ್ತೀರಾ? ಇಬ್ಬರಿಗೂ." ಆ ಹೆಸರನ್ನು ಅವನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದವನಂತೆ ಬಿಡಿಬಿಡಿಯಾಗಿ ಹೇಳಿದ.

ರಿಪೋರ್ಟಿಗೆ ಮೂರು ದಿನ ಹಿಡಿಯುತ್ತದೆ ಎಂದು ಹುಡುಗಿ ಹೇಳಿದಳು. ಮೊದಲು ಅನು ಕೈ ಚಾಚಿದಳು. ಆಮೇಲೆ ಅರುಣ ಪಕ್ಕದ ಕುರ್ಚಿಯಲ್ಲಿ ಕೂತ. ಹುಡುಗಿ ಹತ್ತಿಯಿಂದ ಅವನ ಮೊಣಕೈ ಒರೆಸಿದಳು, ಹತ್ತಿ ಕಂದಾಯಿತು. ಇನ್ನೊಂದು ಹತ್ತಿ ತೆಗೆದುಕೊಂಡಳು, ಮತ್ತೊಂದು ತೆಗೆದುಕೊಂಡಳು.

"ಮುಷ್ಟಿ ಬಿಗಿಯಾಗಿ ಹಿಡ್ಕೊಳ್ಳಿ ಸಾರ್."

ನಳಿಕೆಯಲ್ಲಿ ರಕ್ತ ಏರಿತು. ಹುಡುಗಿ ಎರಡೂ ನಳಿಕೆಗಳನ್ನು ಒಂದೇ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ತಿರುಗಿಸಿದಳು. ಒಳಗಿನ ಕೆಂಪು ಜೊತೆಯಾಗಿ ಆ ತುದಿಗೆ ಹೋಗಿ ಜೊತೆಯಾಗಿ ಈ ತುದಿಗೆ ಬಂತು.

"ಆಯ್ತು. ಮುಷ್ಟಿ ಬಿಡಿ ಸಾರ್."

ಅರುಣ ಬಿಡಲಿಲ್ಲ. ಕೇಳಿಸಿದ ಹಾಗೂ ಕಾಣಲಿಲ್ಲ. ಅನು ಅವನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗೈಗೆ ಮೆತ್ತಿ ಒಣಗಿದ್ದ ಮಣ್ಣು ಅವಳ ಮಡಿಲಿಗೆ ಉದುರಿತು.